ಅಜ್ಜಿ ಕೇಳಿದ ಪ್ರಶ್ನೆ: ಅಣುಬಾಂಬಿನ ಅಪಾಯ ತಗ್ಗಿಸಲು ವಿಜ್ಞಾನಿಗಳು ನಿಜವಾಗಿ ಏನು ಮಾಡಬಹುದು?

ಹೊಂಗೆನೆರಳು:
ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಫಿಸಿಕ್ಸ್ ಎರಡನೇ ವರ್ಷ, ಊರು ಚಿಕ್ಕಬಳ್ಳಾಪುರದ ಕಡೆ. 2025ರ ಮೇ ತಿಂಗಳಲ್ಲಿ ಭಾರತ ಪಾಕಿಸ್ತಾನದ ನಡುವೆ ನಾಲ್ಕು ದಿನ ಹೊಡೆದಾಟ ಆಯಿತಲ್ಲ, ಆಗ ನಮ್ಮ ಮನೆಯಲ್ಲಿ ಟೀವಿ ಆರಿಸಿರಲೇ ಇಲ್ಲ. ಯಾರೋ ಅಣುಬಾಂಬಿನ ಮಾತು ಎತ್ತಿದ್ದು ಅಜ್ಜಿಯ ಕಿವಿಗೆ ಬಿತ್ತು. "ನೀನು ಅದನ್ನೇ ಓದ್ತಿದೀಯಲ್ವಾ, ಆ ಬಾಂಬು ಮಾಡಿದ್ದೂ ನಿಮ್ಮೋರೇ ಅಂತೆ. ಇಲ್ಲದಂಗೆ ಮಾಡೋಕೆ ನಿಮ್ಮೋರು ಏನೂ ಮಾಡಲ್ವಾ?" ಅಂದರು. 1955ರಲ್ಲಿ ತತ್ವಜ್ಞಾನಿ ರಸೆಲ್ ಮತ್ತು ಐನ್‌ಸ್ಟೈನ್ ಅಣುಯುದ್ಧ ಬೇಡ ಅಂತ ಒಂದು ಹೇಳಿಕೆ ಬರೆದರು, ಹನ್ನೊಂದು ದೊಡ್ಡ ಮನುಷ್ಯರು ಸಹಿ ಹಾಕಿದರು ಅಂತ ಹೇಳಿದೆ. ಅದಕ್ಕೆ ಅಜ್ಜಿ, "ಸಹಿ ಹಾಕಿದ್ರೆ ಬಾಂಬು ಹೋಯ್ತಾ?" ಅಂತ ಕೇಳಿ ಒಳಗೆ ಹೋದರು.

ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಸಹಿ, ಭಾಷಣ, ಮೆರವಣಿಗೆ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ವಿಜ್ಞಾನಿ ತನ್ನ ಲ್ಯಾಬಿನಲ್ಲಿ, ತನಗೆ ಬರುವ ಕೆಲಸದಿಂದಲೇ ಈ ಅಪಾಯವನ್ನು ಸ್ವಲ್ಪವಾದರೂ ಕಡಿಮೆ ಮಾಡಿದ ಉದಾಹರಣೆ ಇದೆಯಾ? ಇದ್ದರೆ ನನ್ನಂಥವರು ಎಲ್ಲಿಂದ ಶುರು ಮಾಡಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಬಂಡೆಕಲ್ಲು:
ಚಿಕ್ಕಬಳ್ಳಾಪುರದ ಕಡೆಯವರು ಅಂದಿರಿ, ಹಾಗಾದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಜಿಲ್ಲೆಯಲ್ಲೇ ಇದೆ. ಗೌರಿಬಿದನೂರು ಅಂದರೆ ಎಲ್ಲರಿಗೂ ರೇಡಿಯೋ ಟೆಲಿಸ್ಕೋಪ್ ನೆನಪಾಗುತ್ತದೆ. ಆದರೆ ಅಲ್ಲೇ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಸಾಲೂ ಇದೆ. ಬ್ರಿಟಿಷ್ ವಿಜ್ಞಾನಿಗಳ ಜೊತೆ ಸೇರಿ ಮಾಡಿದ್ದು. ಆ ಕಾಲದಲ್ಲಿ ಇಂಥವೇ ಸಾಲುಗಳನ್ನು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವರಮುಂಗಾಗಳಲ್ಲೂ ಹಾಕಿದರು. ಭೂಕಂಪ ನೋಡುವುದಷ್ಟೇ ಉದ್ದೇಶ ಆಗಿರಲಿಲ್ಲ. ನೆಲದ ಅಡಿಯಲ್ಲಿ ಯಾರು ಬಾಂಬು ಸಿಡಿಸಿದರು ಅಂತ ಸಾವಿರಾರು ಕಿಲೋಮೀಟರ್ ದೂರದಿಂದ ಕಂಡುಹಿಡಿಯುವುದು ಮುಖ್ಯ ಗುರಿ.

ಅದು ಕೆಲಸ ಮಾಡುವ ರೀತಿ ಸರಳ. ಒಂದೇ ಮಾಪಕ ಇಟ್ಟರೆ ರಸ್ತೆಯಲ್ಲಿ ಲಾರಿ ಹೋದರೂ ಗದ್ದಲ, ಗಾಳಿಗೆ ಮರ ಅಲ್ಲಾಡಿದರೂ ಗದ್ದಲ. ಅದೇ ಇಪ್ಪತ್ತು ಮಾಪಕಗಳನ್ನು ಎರಡು ಸಾಲಾಗಿ, ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಹರಡಿಟ್ಟರೆ, ದೂರದಿಂದ ಬಂದ ಅಲೆ ಒಂದಾದ ಮೇಲೊಂದು ಮಾಪಕವನ್ನು ಲೆಕ್ಕ ತಪ್ಪದೆ ಮುಟ್ಟುತ್ತದೆ. ಆ ತಡವನ್ನು ಸರಿಪಡಿಸಿ ಎಲ್ಲವನ್ನೂ ಕೂಡಿಸಿದರೆ ಲಾರಿಯ ಸದ್ದು ಕರಗಿ ಅಲೆ ಎದ್ದು ಕಾಣುತ್ತದೆ, ಯಾವ ದಿಕ್ಕಿನಿಂದ ಬಂತು ಅನ್ನುವುದೂ ತಿಳಿಯುತ್ತದೆ. ನಮ್ಮ ಕಡೆಯ ಹಳೆಯ ಗಟ್ಟಿ ಬಂಡೆ ಇದಕ್ಕೆ ತುಂಬಾ ಒಳ್ಳೆಯದು. ಸೋವಿಯತ್ ಮತ್ತು ಚೀನಾದ ಪರೀಕ್ಷೆಗಳು ಅಲ್ಲಿ ದಾಖಲಾಗಿವೆ.

ಇದು ಯಾಕೆ ಮುಖ್ಯ ಅಂತ ಸ್ವಲ್ಪ ಇತಿಹಾಸ ಹೇಳುತ್ತೇನೆ. 1963ರಲ್ಲಿ ಮಾಸ್ಕೋದಲ್ಲಿ ಅಣುಪರೀಕ್ಷೆ ನಿಲ್ಲಿಸುವ ಒಪ್ಪಂದ ಆಯಿತು. ಆದರೆ ಗಾಳಿ, ನೀರು, ಬಾಹ್ಯಾಕಾಶದಲ್ಲಿ ಮಾತ್ರ. ನೆಲದಡಿಯದು ಯಾಕೆ ಬಿಟ್ಟುಹೋಯಿತು? ಅದು ಭೂಕಂಪವೋ ಬಾಂಬೋ ಅಂತ ಖಚಿತ ಮಾಡಿಕೊಳ್ಳಲು ಒಬ್ಬರ ನೆಲಕ್ಕೆ ಇನ್ನೊಬ್ಬರು ಹೋಗಿ ನೋಡಬೇಕು ಅಂತ ಅಮೆರಿಕ ಹೇಳಿತು. ಅಮೆರಿಕ ವರ್ಷಕ್ಕೆ ಏಳು ಸಲ ಅಂದಿತು, ಸೋವಿಯತ್ ಮೂರು ಸಲ ಅಂದಿತು, ಅಲ್ಲಿಗೆ ಮಾತು ನಿಂತುಹೋಯಿತು. ಏಳಕ್ಕೂ ಮೂರಕ್ಕೂ ನಡುವಿನ ಆ ನಾಲ್ಕು ಭೇಟಿಗಳಿಗೆ ನಾವು ಕೊಟ್ಟ ಬೆಲೆ ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಆಮೇಲೆ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ನೆಲದಡಿಯಲ್ಲಿ ಬಾಂಬುಗಳು ಸಿಡಿಯುತ್ತಲೇ ಇದ್ದವು. ಜಗತ್ತಿನಲ್ಲಿ ಇದುವರೆಗೆ ಆದ ಎರಡು ಸಾವಿರ ಚಿಲ್ಲರೆ ಪರೀಕ್ಷೆಗಳಲ್ಲಿ ಮುಕ್ಕಾಲು ಪಾಲು ನೆಲದಡಿಯವೇ.

ಆ ಕಾಲದಲ್ಲಿ ಭೂಕಂಪ ವಿಜ್ಞಾನಿಗಳು ಕೂತು ಮಾಡಿದ ಕೆಲಸವೇ ನಿಮ್ಮ ಅಜ್ಜಿಗೆ ಉತ್ತರ. ಭೂಕಂಪದಲ್ಲಿ ಬಂಡೆಯ ಒಂದು ಬದಿ ಇನ್ನೊಂದರ ಮೇಲೆ ಜಾರುತ್ತದೆ, ಹಾಗಾಗಿ ಅಡ್ಡಡ್ಡ ಅಲುಗುವ ಅಲೆ ಮತ್ತು ಮೇಲ್ಮೈ ಅಲೆ ಜೋರಾಗಿರುತ್ತವೆ. ಬಾಂಬು ಎಲ್ಲಾ ಕಡೆಗೂ ಒಂದೇ ಸಮ ತಳ್ಳುತ್ತದೆ, ಅದಕ್ಕೆ ಮೊದಲು ಬರುವ ಪಿ ಅಲೆ ಜೋರು, ಹಿಂದೆ ಬರುವ ಮೇಲ್ಮೈ ಅಲೆ ಸಣ್ಣದು. ಈ ಎರಡರ ಅನುಪಾತ ನೋಡಿದರೆ ಸಾಕಷ್ಟು ತಿಳಿಯುತ್ತದೆ. ಇದನ್ನು ಸಾವಿರಾರು ದಾಖಲೆಗಳ ಮೇಲೆ ತಾಳ್ಮೆಯಿಂದ ಪರೀಕ್ಷಿಸಿದರು. 1986ರಲ್ಲಿ ಇನ್ನೂ ದೊಡ್ಡದೊಂದು ಆಯಿತು. ರೇಗನ್ ಸರ್ಕಾರ ಇದನ್ನೆಲ್ಲಾ ಖಾತ್ರಿ ಮಾಡಿಕೊಳ್ಳಲು ಆಗುವುದಿಲ್ಲ ಅನ್ನುತ್ತಿದ್ದಾಗ, ಅಮೆರಿಕದ ಒಂದು ಪರಿಸರ ಸಂಸ್ಥೆಯಲ್ಲಿದ್ದ ಭೌತವಿಜ್ಞಾನಿ ಥಾಮಸ್ ಕೋಕ್ರನ್ ಮತ್ತು ಸೋವಿಯತ್ ವಿಜ್ಞಾನ ಅಕಾಡೆಮಿಯ ಯೆವ್ಗೆನಿ ವೆಲಿಖೋವ್ ತಾವೇ ಒಪ್ಪಂದ ಮಾಡಿಕೊಂಡರು. ಸರ್ಕಾರ ಸರ್ಕಾರಗಳ ನಡುವಿನ ಒಪ್ಪಂದ ಅಲ್ಲ ಇದು! ಆ ಜುಲೈನಲ್ಲಿ ಅಮೆರಿಕದ ಭೂಕಂಪ ವಿಜ್ಞಾನಿಗಳು ಕಜಾಕಿಸ್ತಾನದ ಸೆಮಿಪಲಾಟಿನ್ಸ್ಕ್ ಪರೀಕ್ಷಾ ಸ್ಥಳದ ಹತ್ತಿರ, ಕರ್ಕರಲಿನ್ಸ್ಕ್ ಅನ್ನುವ ಊರಲ್ಲಿ ತಮ್ಮ ಮಾಪಕಗಳನ್ನು ನೆಟ್ಟರು. ಆಗುವುದೇ ಇಲ್ಲ ಅಂದಿದ್ದು ಒಂದೆರಡು ತಿಂಗಳಲ್ಲಿ ಆಯಿತು.

1996ರಲ್ಲಿ ಎಲ್ಲಾ ಬಗೆಯ ಪರೀಕ್ಷೆ ನಿಷೇಧಿಸುವ ಸಿಟಿಬಿಟಿ ಒಪ್ಪಂದ ಬಂದಿದ್ದು ಈ ಬುನಾದಿಯ ಮೇಲೆ. ಅದಕ್ಕೆ 337 ಕೇಂದ್ರಗಳ ಜಾಲ ಗೊತ್ತು ಮಾಡಿದರು: ನೆಲದ ಕಂಪನ, ಸಮುದ್ರದ ಸದ್ದು, ಕಿವಿಗೆ ಕೇಳದ ಸದ್ದು, ಗಾಳಿಯಲ್ಲಿನ ವಿಕಿರಣ ಎಲ್ಲಾ ಸೇರಿ. 2006ರ ಅಕ್ಟೋಬರ್ 9ಕ್ಕೆ ಉತ್ತರ ಕೊರಿಯಾ ಸಿಡಿಸಿದ್ದು ಒಂದು ಕಿಲೋಟನ್ನಿಗೂ (ಸಾವಿರ ಟನ್ ಟಿಎನ್‌ಟಿ ಸಿಡಿಮದ್ದಿನ ಬಲ) ಕಡಿಮೆ. ಅದನ್ನೂ ಹಿಡಿದರು. ಸುಮಾರು ಎರಡು ವಾರದ ಹೊತ್ತಿಗೆ ಕೆನಡಾದ ಯೆಲ್ಲೋನೈಫಿನಲ್ಲಿ ಆ ಸ್ಫೋಟದಿಂದ ಹೊರಬಿದ್ದ ವಿಕಿರಣ ಸೂಸುವ ಕ್ಸೆನಾನ್ ಅನಿಲವೂ ಸಿಕ್ಕಿತು. ಕದ್ದು ಸಿಡಿಸಿ ದಕ್ಕಿಸಿಕೊಳ್ಳುವುದು ಈಗ ಬಹಳ ಕಷ್ಟ.

ಜಯಮಂಗಲಿ:
ಬಂಡೆಕಲ್ಲು ಅವರು ಬರೆದಿದ್ದು ಚೆನ್ನಾಗಿದೆ, ಆದರೆ ಇನ್ನೊಂದು ಬದಿಯನ್ನೂ ಹೇಳಬೇಕು. ನಾನು ತುಮಕೂರಿನವನು. 1974ರ ಮೇ 18ರ ಪೋಖ್ರಾನ್ ಪರೀಕ್ಷೆಯ ಮುಂದಾಳು ರಾಜಾ ರಾಮಣ್ಣ ನಮ್ಮ ಜಿಲ್ಲೆಯವರು, ನಮ್ಮೂರಲ್ಲಿ ಅವರ ಹೆಸರು ಹೇಳಿದರೆ ಎಲ್ಲರಿಗೂ ಹೆಮ್ಮೆ. ಚಿಕ್ಕವನಿದ್ದಾಗ ನನಗೂ ಅಷ್ಟೇ ಇತ್ತು. ಅವರ ಜಾಣ್ಮೆಗೆ ಈಗಲೂ ಗೌರವ ಇದೆ. ಆದರೆ ಬಾಂಬು ಮಾಡುವಾಗ ಸರ್ಕಾರ ವಿಜ್ಞಾನಿಯ ಮಾತು ಕೇಳುತ್ತದೆ, ಬೇಡ ಅನ್ನುವಾಗ ಕೇಳುವುದಿಲ್ಲ. 1945ರ ಜೂನ್‌ನಲ್ಲಿ ಶಿಕಾಗೋದಲ್ಲಿ ಜೇಮ್ಸ್ ಫ್ರಾಂಕ್ ಮತ್ತು ಜೊತೆಯವರು ಜಪಾನಿನ ಮೇಲೆ ಹೇಳದೆ ಕೇಳದೆ ಹಾಕಬೇಡಿ ಅಂತ ವರದಿ ಕೊಟ್ಟರು. ಜುಲೈನಲ್ಲಿ ಲಿಯೋ ಸಿಲಾರ್ಡ್ ಅಂಥದ್ದೇ ಮನವಿಗೆ ಎಪ್ಪತ್ತು ಜನರ ಸಹಿ ಹಾಕಿಸಿದರು. ಏನಾಯಿತು ಅಂತ ಎಲ್ಲರಿಗೂ ಗೊತ್ತು. ಜೋಸೆಫ್ ರಾಟ್‌ಬ್ಲಾಟ್ ಒಬ್ಬರೇ, ಜರ್ಮನಿಯ ಹತ್ತಿರ ಬಾಂಬು ಇಲ್ಲ ಅಂತ ತಿಳಿದ ಮೇಲೆ 1944ರ ಕೊನೆಯಲ್ಲಿ, ಮ್ಯಾನ್‌ಹಟನ್ ಅನ್ನುವ ಅಮೆರಿಕದ ಬಾಂಬು ಯೋಜನೆ ಬಿಟ್ಟು ಹೊರಬಂದರು. ಸಾವಿರಾರು ವಿಜ್ಞಾನಿಗಳಿದ್ದ ಕಡೆ ಒಬ್ಬರು!

ಇನ್ನು ಸಿಟಿಬಿಟಿ. ಭಾರತ ಸಹಿ ಹಾಕಿಲ್ಲ, ಪಾಕಿಸ್ತಾನವೂ ಇಲ್ಲ, ಉತ್ತರ ಕೊರಿಯಾವೂ ಇಲ್ಲ. ಅಮೆರಿಕ ಸಹಿ ಹಾಕಿ ಅಲ್ಲಿಗೇ ಬಿಟ್ಟಿದೆ, ರಷ್ಯಾ 2023ರಲ್ಲಿ ತನ್ನ ಅಂಗೀಕಾರ ವಾಪಸ್ ತಗೊಂಡಿತು. ಹಾಗಾಗಿ ಒಪ್ಪಂದ ಇನ್ನೂ ಜಾರಿಗೇ ಬಂದಿಲ್ಲ. ಬಾಂಬು ಇರುವವರು ಯಾವತ್ತು ಕೈಬಿಡುತ್ತೀರಿ ಅಂತ ದಿನ ಗೊತ್ತು ಮಾಡಿ ಅನ್ನುವುದು ಭಾರತದ ವಾದವಾಗಿತ್ತು, ಅದರಲ್ಲಿ ಹುರುಳಿತ್ತು ಅಂತ ನಾನು ಈಗಲೂ ನಂಬುತ್ತೇನೆ. ಆದರೆ ಆ ಮಾತು ಹೇಳಿ ಎರಡೇ ವರ್ಷಕ್ಕೆ ನಾವೂ ಮತ್ತೆ ಸಿಡಿಸಿದೆವು. ಮಾಪಕ ಎಷ್ಟು ಚೆನ್ನಾಗಿದ್ದರೂ ಸಹಿ ಹಾಕುವ ಕೈ ಬೇರೆಯವರದು ಅಲ್ವಾ?

ಬಂಡೆಕಲ್ಲು:
ಒಪ್ಪುತ್ತೇನೆ. ಆದರೆ ಒಂದು ಗಮನಿಸಿ. ಒಪ್ಪಂದ ಜಾರಿಗೆ ಬರದೇ ಇದ್ದರೂ ಈ ಶತಮಾನದಲ್ಲಿ ಪರೀಕ್ಷೆ ಮಾಡಿದ್ದಾಗಿ ಹೇಳಿಕೊಂಡದ್ದು ಉತ್ತರ ಕೊರಿಯಾ ಒಂದೇ. ಸಹಿ ಹಾಕದ ಉಳಿದ ದೇಶಗಳೂ ಸುಮ್ಮನಿವೆ. ಸಿಕ್ಕಿಬೀಳುತ್ತೇವೆ ಅನ್ನುವುದು ಎಲ್ಲರಿಗೂ ಗೊತ್ತಿರುವುದು ಅದಕ್ಕೆ ಒಂದು ಕಾರಣ.

ಹಾಲುಹಲ್ಲು:
ನಾನು ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರ್. ನನಗೆ ಅಣು ವಿಜ್ಞಾನ ಅಷ್ಟು ಗೊತ್ತಿಲ್ಲ, ಆದರೆ ನಮ್ಮ ವೃತ್ತಿಯವರು ಇದರಲ್ಲಿ ಮಾಡಿದ ಒಂದು ಕೆಲಸ ಇದೆ, ಅದನ್ನು ಹೇಳದೆ ಇರಲು ಆಗುತ್ತಿಲ್ಲ.

1950ರ ದಶಕದಲ್ಲಿ ಬಾಂಬು ಪರೀಕ್ಷೆಗಳು ಬಯಲಲ್ಲೇ ನಡೆಯುತ್ತಿದ್ದವು. ಅದರ ಬೂದಿಯಲ್ಲಿ ಸ್ಟ್ರಾನ್ಷಿಯಂ-90 ಇರುತ್ತದೆ. ಮಳೆಯ ಜೊತೆ ಹುಲ್ಲಿಗೆ ಇಳಿಯುತ್ತದೆ, ಹುಲ್ಲಿನಿಂದ ಹಸು, ಹಸುವಿನಿಂದ ಹಾಲು, ಹಾಲಿನಿಂದ ಮಗು. ನಮ್ಮ ಮೈಗೆ ಅದು ಕ್ಯಾಲ್ಸಿಯಂ ತರಹವೇ ಕಾಣುತ್ತದೆ, ಹಾಗಾಗಿ ಮೂಳೆ ಹಲ್ಲುಗಳಲ್ಲಿ ಸೇರಿಕೊಳ್ಳುತ್ತದೆ. ಇದು ಏನೂ ಆಗದಷ್ಟು ಸಣ್ಣದು ಅಂತ ಸರ್ಕಾರ ಹೇಳುತ್ತಿತ್ತು. ಅಮೆರಿಕದ ಸೇಂಟ್ ಲೂಯಿಸ್ ಊರಿನ ಕೆಲವು ವಿಜ್ಞಾನಿಗಳು, ಅವರಲ್ಲಿ ಬ್ಯಾರಿ ಕಾಮನರ್ ಅನ್ನುವ ಜೀವವಿಜ್ಞಾನಿ ಮತ್ತು ಲೂಯಿಸ್ ರೈಸ್ ಅನ್ನುವ ವೈದ್ಯೆ ಮುಖ್ಯರು, ಅಲ್ಲಿನ ಹಲ್ಲಿನ ಕಾಲೇಜುಗಳ ಜೊತೆ ಸೇರಿ ಒಂದು ಯೋಚನೆ ಮಾಡಿದರು. ಮೂಳೆ ಅಳೆಯಲು ಮಕ್ಕಳ ಮೈ ಕೊಯ್ಯಲು ಆಗುತ್ತದೆಯೇ? ಆದರೆ ಹಾಲುಹಲ್ಲು ತಾನಾಗಿ ಬೀಳುತ್ತದಲ್ಲ! ನಮ್ಮಲ್ಲಿ ಅದನ್ನು ಸಗಣಿಯಲ್ಲಿ ಇಟ್ಟು ಮಾಡಿನ ಮೇಲೆ ಎಸೆಯುತ್ತಿದ್ದೆವು, ಅಲ್ಲಿ ದಿಂಬಿನ ಕೆಳಗೆ ಇಡುತ್ತಾರೆ. ಈ ಒಂದು ಸಲ ನಮಗೆ ಕೊಡಿ ಅಂತ ಕೇಳಿದರು. ಕೊಟ್ಟ ಮಗುವಿಗೆ, ನನ್ನ ಹಲ್ಲನ್ನು ವಿಜ್ಞಾನಕ್ಕೆ ಕೊಟ್ಟೆ ಅಂತ ಬರೆದ ಒಂದು ಬ್ಯಾಡ್ಜ್. 1958ರಲ್ಲಿ ಶುರುವಾದದ್ದು 1970ರ ಹೊತ್ತಿಗೆ ಮೂರು ಲಕ್ಷದಷ್ಟು ಹಲ್ಲು ಬಂದಿತ್ತು. ಪರೀಕ್ಷೆಗಳು ಹೆಚ್ಚಿದ ಹಾಗೆ ಹಲ್ಲಿನಲ್ಲಿ ಸ್ಟ್ರಾನ್ಷಿಯಂ ಹೆಚ್ಚಿದ್ದು ಕಂಡಿತು. 1950ರಲ್ಲಿ ಹುಟ್ಟಿದ ಮಕ್ಕಳಿಗೂ 1963ರಲ್ಲಿ ಹುಟ್ಟಿದ ಮಕ್ಕಳಿಗೂ ಹೋಲಿಸಿದರೆ ಸುಮಾರು ಐವತ್ತು ಪಟ್ಟು.

ಮೊದಲ ಫಲಿತಾಂಶ ಪ್ರಕಟವಾಗಿದ್ದು 1961ರಲ್ಲಿ, ಬಯಲು ಪರೀಕ್ಷೆ ನಿಲ್ಲಿಸುವ ಒಪ್ಪಂದ ಆಗಿದ್ದು 1963ರಲ್ಲಿ. ಇದೊಂದರಿಂದಲೇ ಆಯಿತು ಅಂತ ಹೇಳುವುದಿಲ್ಲ. ಲೈನಸ್ ಪಾಲಿಂಗ್ 1958ರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳ ಸಹಿಯನ್ನು ವಿಶ್ವಸಂಸ್ಥೆಗೆ ಕೊಟ್ಟಿದ್ದರು. ನಮ್ಮ ನೆಹರೂ 1954ರ ಏಪ್ರಿಲ್‌ನಲ್ಲೇ ಪರೀಕ್ಷೆ ನಿಲ್ಲಿಸಿ ಅಂತ ಲೋಕಸಭೆಯಲ್ಲಿ ಕೇಳಿದ್ದರು, ಡಿ. ಎಸ್. ಕೊಠಾರಿಯವರಿಂದ ಬಾಂಬಿನ ಪರಿಣಾಮಗಳ ಬಗ್ಗೆ 1956ರಲ್ಲಿ ಪುಸ್ತಕವನ್ನೇ ಬರೆಸಿದ್ದರು. ಆದರೆ ಅಮ್ಮಂದಿರಿಗೆ ತಟ್ಟಿದ್ದು ಆ ಹಲ್ಲು. ನನ್ನ ಕ್ಲಿನಿಕ್ಕಿಗೆ ಮಕ್ಕಳು ಬಿದ್ದ ಹಲ್ಲನ್ನು ಕಾಗದದಲ್ಲಿ ಸುತ್ತಿ ತಂದು ತೋರಿಸುತ್ತಾರೆ. ಆಗೆಲ್ಲ ನನಗೆ ಸೇಂಟ್ ಲೂಯಿಸ್ ನೆನಪಾಗುತ್ತದೆ.

ಹೊಂಗೆನೆರಳು:
ಹಾಲುಹಲ್ಲು ಮೇಡಂ, ಇದನ್ನು ಅಜ್ಜಿಗೆ ಓದಿ ಹೇಳಿದೆ. "ಹಾಲಿನಾಗೆ ವಿಷನಾ?" ಅಂತ ಎರಡು ಸಲ ಕೇಳಿದರು, ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಎಲ್ಲರಿಗೂ ಇನ್ನೊಂದು ಪ್ರಶ್ನೆ. ಪರೀಕ್ಷೆ ಹಿಡಿಯಬಹುದು ಸರಿ. ಈಗಾಗಲೇ ಇರುವ ಬಾಂಬುಗಳು? ಜಗತ್ತಿನಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಸಿಡಿತಲೆ ಇವೆ ಅಂತ ಓದಿದೆ. ಒಂದು ದೇಶ "ಇಗೋ, ಇದನ್ನು ಬಿಚ್ಚಿ ಹಾಕಿದೆವು" ಅಂದರೆ ಇನ್ನೊಂದು ದೇಶ ನಂಬುವುದು ಹೇಗೆ? ಒಳಗೆ ತೋರಿಸಿದರೆ ಬಾಂಬಿನ ವಿನ್ಯಾಸದ ಗುಟ್ಟೇ ಹೊರಗೆ ಹೋಗುತ್ತದಲ್ಲ?

ಕಡಲಾಚೆ:
ಬಹಳ ಒಳ್ಳೆಯ ಪ್ರಶ್ನೆ. ಇದರಲ್ಲೇ ಈಗ ಹೊಸಬರಿಗೆ ಜಾಸ್ತಿ ಕೆಲಸ ಇದೆ. ನಾನು ಜರ್ಮನಿಯಲ್ಲಿ ನ್ಯೂಟ್ರಾನ್ ಡಿಟೆಕ್ಟರುಗಳ ಮೇಲೆ ಕೆಲಸ ಮಾಡುತ್ತೇನೆ, ಆಸ್ಪತ್ರೆ ಮತ್ತು ಕಾರ್ಖಾನೆಗಳಿಗಾಗಿ. ಆದರೂ ಈ ವಿಷಯ ಆಸಕ್ತಿಯಿಂದ ಓದುತ್ತೇನೆ.

ಹುಣಸೆಬೀಜದಲ್ಲಿ ಹೇಳುತ್ತೇನೆ. ನನ್ನ ಹತ್ತಿರ ಎರಡು ಮುಚ್ಚಿದ ಡಬ್ಬಿ ಇವೆ. ಎರಡರಲ್ಲೂ ಬೀಜ ಸಮ ಇವೆ ಅಂತ ನಿಮಗೆ ಸಾಬೀತು ಮಾಡಬೇಕು, ಆದರೆ ಎಷ್ಟು ಅನ್ನುವುದು ಗುಟ್ಟು. ನಿಜವಾಗಿ 37 ಇವೆ ಅಂದುಕೊಳ್ಳಿ. ನಾನು ಇನ್ನೆರಡು ಚೀಲ ತರುತ್ತೇನೆ, ಕಟ್ಟಿದ್ದು, ಒಂದೊಂದರಲ್ಲೂ 63. ಯಾವ ಡಬ್ಬಿಯನ್ನು ಯಾವ ಚೀಲಕ್ಕೆ ಸುರಿಯಬೇಕು ಅನ್ನುವುದನ್ನು ನೀವು ಹೇಳುತ್ತೀರಿ. ಸುರಿದ ಮೇಲೆ ಎಣಿಸಿದರೆ ಎರಡೂ ಚೀಲದಲ್ಲಿ ನೂರು ನೂರು. ಸಮ ಇವೆ ಅಂತ ನಿಮಗೆ ಗೊತ್ತಾಯಿತು, 37 ಅಂತ ಗೊತ್ತಾಗಲಿಲ್ಲ. ನಾನು ಒಂದು ಡಬ್ಬಿಯಲ್ಲಿ 37, ಇನ್ನೊಂದರಲ್ಲಿ 20 ಇಟ್ಟು ಮೋಸ ಮಾಡಿದ್ದರೆ ಚೀಲಗಳಲ್ಲೂ 63 ಮತ್ತು 80 ಇಡಬೇಕಾಗುತ್ತಿತ್ತು. ನೀವು ಅದಲು ಬದಲು ಮಾಡಿ ಸುರಿಸಿದರೆ ಸಿಕ್ಕಿಬೀಳುತ್ತೇನೆ. ಒಂದು ಸಲ ಅದೃಷ್ಟದಿಂದ ಪಾರಾಗಬಹುದು, ಐದು ಸಲ ಮಾಡಿದರೆ ಪಾರಾಗುವುದು 32ರಲ್ಲಿ ಒಂದೇ ಪಾಲು.

ಇದನ್ನೇ ಸಿಡಿತಲೆಗೆ ಹೇಗೆ ಹೊಂದಿಸಬಹುದು ಅಂತ 2014ರಲ್ಲಿ ಪ್ರಿನ್ಸ್‌ಟನ್‌ನ ಅಲೆಕ್ಸ್ ಗ್ಲೇಸರ್, ರಾಬರ್ಟ್ ಗೋಲ್ಡ್‌ಸ್ಟನ್ ಮತ್ತು ಆಗ ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದಲ್ಲಿದ್ದ ಬೋವಾಜ್ ಬರಾಕ್ ತೋರಿಸಿದರು. ಒಂದು ಕಡೆಯಿಂದ ನ್ಯೂಟ್ರಾನ್ ಹಾಯಿಸುತ್ತಾರೆ, ಇನ್ನೊಂದು ಕಡೆಯ ಡಿಟೆಕ್ಟರುಗಳಲ್ಲಿ ಮೊದಲೇ ಆ ಚೀಲದ ಹಾಗೆ ಉಳಿಕೆ ಲೆಕ್ಕ ತುಂಬಿರುತ್ತಾರೆ. ಸಿಡಿತಲೆ ಅಸಲಿ ಆಗಿದ್ದರೆ ಎಲ್ಲಾ ಡಿಟೆಕ್ಟರ್ ಒಂದೇ ಅಂಕಿ ತೋರಿಸುತ್ತವೆ, ಚಿತ್ರವೇ ಮೂಡುವುದಿಲ್ಲ. ನಕಲಿ ಆಗಿದ್ದರೆ ವ್ಯತ್ಯಾಸ ಎದ್ದು ಬರುತ್ತದೆ. 2016ರಲ್ಲಿ ಲೋಹದ ತುಂಡುಗಳನ್ನು ಇಟ್ಟು ಪ್ರಯೋಗ ಮಾಡಿ ತೋರಿಸಿದ್ದೂ ಆಯಿತು. ಇಂಥ ಕೆಲಸದಲ್ಲಿ ಭೌತಶಾಸ್ತ್ರ ಬೇಕು, ಗಣಿತ ಬೇಕು, ಎಲೆಕ್ಟ್ರಾನಿಕ್ಸ್ ಬೇಕು, ಮತ್ತು ಬಾಂಬು ಮಾಡುವ ಸಂಸ್ಥೆಯ ಹೊರಗೆ ಕೂತೇ ಮಾಡಬಹುದು.

ಇನ್ನೊಂದು, ಜಯಮಂಗಲಿಯವರಿಗೆ. ಸರ್ಕಾರ ಕೇಳಿದ್ದೂ ಇದೆ. ಸೋವಿಯತ್ ಒಡೆಯುತ್ತಿದ್ದಾಗ ಅಲ್ಲಿನ ಸಾವಿರಾರು ಸಿಡಿತಲೆಗಳ ಯುರೇನಿಯಂ ಯಾರ ಕೈಗೆ ಬೀಳುತ್ತದೋ ಅನ್ನುವ ಭಯ ಇತ್ತು. ಎಂಐಟಿಯ ಭೌತವಿಜ್ಞಾನಿ ಥಾಮಸ್ ನೆಫ್ 1991ರ ಅಕ್ಟೋಬರ್‌ನಲ್ಲಿ ಪತ್ರಿಕೆಗೆ ಒಂದು ಸಣ್ಣ ಲೇಖನ ಬರೆದರು: ಅದನ್ನು ಅಮೆರಿಕ ಕೊಂಡುಕೊಳ್ಳಲಿ, ತೆಳು ಮಾಡಿ ವಿದ್ಯುತ್ ಸ್ಥಾವರಗಳಿಗೆ ಉರುವಲಾಗಿ ಹಾಕಲಿ. 1993ರಲ್ಲಿ ಒಪ್ಪಂದ ಆಯಿತು. 2013ರವರೆಗೆ 500 ಟನ್ ಯುರೇನಿಯಂ, ಅಂದರೆ ಸುಮಾರು 20,000 ಸಿಡಿತಲೆಗಳಷ್ಟು, ಕರೆಂಟ್ ಆಗಿ ಉರಿದುಹೋಯಿತು. ಆ ಕಾಲದಲ್ಲಿ ಅಮೆರಿಕದ ಹತ್ತು ಬಲ್ಬುಗಳಲ್ಲಿ ಒಂದು ಉರಿದದ್ದು ರಷ್ಯಾದ ಬಾಂಬಿನಿಂದ.

ಮುಂಗಾರು:
ಹವಾಮಾನದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಯುದ್ಧ ಆದರೆ ಊರುಗಳು ಉರಿಯುತ್ತವೆ, ಆ ಮಸಿ ಮಳೆ ಮೋಡಗಳಿಗಿಂತ ಮೇಲಕ್ಕೆ ಹೋದರೆ ತೊಳೆದುಹೋಗುವುದಿಲ್ಲ, ವರ್ಷಗಟ್ಟಲೆ ಬಿಸಿಲನ್ನು ತಡೆಯುತ್ತದೆ. 1983ರಲ್ಲಿ ಇದನ್ನು ಮೊದಲು ದೊಡ್ಡದಾಗಿ ಲೆಕ್ಕ ಹಾಕಿದಾಗ ಅಮೆರಿಕ, ಸೋವಿಯತ್ ಎರಡೂ ಕಡೆಯ ವಿಜ್ಞಾನಿಗಳು ತಮ್ಮ ತಮ್ಮ ಮಾದರಿಗಳಲ್ಲಿ ನೋಡಿ ಎಚ್ಚರಿಸಿದರು. ಅದು ತಮ್ಮ ಮೇಲೆ ಪ್ರಭಾವ ಬೀರಿತು ಅಂತ ಸೋವಿಯತ್ ನಾಯಕ ಗೋರ್ಬಚೆವ್ ಆಮೇಲೆ ಹೇಳಿದ್ದಾರೆ. 2007ರಲ್ಲಿ ಅಲನ್ ರೋಬಾಕ್, ಬ್ರಯನ್ ಟೂನ್ ಮತ್ತವರ ಜೊತೆಯವರು ಭಾರತ ಪಾಕಿಸ್ತಾನವನ್ನೇ ತಗೊಂಡು, ಎರಡೂ ಸೇರಿ ಹಿರೋಷಿಮಾದಷ್ಟರ 100 ಬಾಂಬು ಹಾಕಿದರೆ ಭೂಮಿಯ ಸರಾಸರಿ ತಾಪಮಾನ ಒಂದು ಡಿಗ್ರಿಗೂ ಜಾಸ್ತಿ ಇಳಿಯುತ್ತದೆ ಅಂದರು. 2022ರ ಇನ್ನೊಂದು ಅಧ್ಯಯನ, ಈ ಎರಡು ದೇಶಗಳ ದೊಡ್ಡ ಯುದ್ಧದಿಂದ ಜಗತ್ತಿನಲ್ಲಿ ಇನ್ನೂರು ಕೋಟಿಗೂ ಹೆಚ್ಚು ಜನ ಹಸಿವಿನಿಂದ ಸಾಯಬಹುದು ಅಂದಿತು. ಅಮೆರಿಕದ ಅಣ್ವಸ್ತ್ರ ಪ್ರಯೋಗಾಲಯವಾದ ಲಾಸ್ ಅಲಮಾಸ್‌ನವರು 2018ರಲ್ಲಿ ಮಸಿ ಅಷ್ಟು ಮೇಲೆ ಹೋಗುವುದಿಲ್ಲ ಅಂತ ವಾದಿಸಿದ್ದಾರೆ, ಆ ಚರ್ಚೆ ನಡೆಯುತ್ತಿದೆ. ನಡೆಯಲಿ. ಆದರೆ ಮಳೆಯನ್ನೇ ನಂಬಿದ ನಮ್ಮ ರಾಗಿ, ಭತ್ತ, ಜೋಳದ ಮೇಲೆ ಏನಾಗುತ್ತದೆ ಅನ್ನುವುದನ್ನು ಇಲ್ಲಿನ ಮಣ್ಣು, ಇಲ್ಲಿನ ತಳಿ ಗೊತ್ತಿರುವ ನಾವೇ ಕೂತು ಲೆಕ್ಕ ಹಾಕಬೇಕು. ಎಲ್ಲೋ ಗೆಲ್ಲುತ್ತೇವೆ ಅಂತ ಕೂಗುವವರ ಮುಂದೆ ಇಡಲು ನಮ್ಮ ತಾಲ್ಲೂಕಿನ ಅಂಕಿ ಬೇಕು.

ಜಯಮಂಗಲಿ:
ಕಡಲಾಚೆ ಅವರ ನೆಫ್ ಕಥೆ ನನಗೆ ಗೊತ್ತಿರಲಿಲ್ಲ, ಥ್ಯಾಂಕ್ಸ್. ನಾನು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದವನು, ಹಾಗಾಗಿ ನನಗೆ ನಿದ್ದೆ ಕೆಡಿಸುವುದು ತಪ್ಪು ಎಚ್ಚರಿಕೆಗಳು. 1983ರ ಸೆಪ್ಟೆಂಬರ್ 26ಕ್ಕೆ ಮೋಡದ ಮೇಲಿನ ಬಿಸಿಲನ್ನು ಸೋವಿಯತ್ ಉಪಗ್ರಹ ಕ್ಷಿಪಣಿ ಅಂದುಕೊಂಡಿತು, ಸ್ಟಾನಿಸ್ಲಾವ್ ಪೆಟ್ರೋವ್ ಅನ್ನುವ ಅಧಿಕಾರಿ ನಂಬದೆ ಇದ್ದದ್ದರಿಂದ ಉಳಿದೆವು. 1995ರ ಜನವರಿ 25ಕ್ಕೆ ನಾರ್ವೆಯಿಂದ ಧ್ರುವಪ್ರಭೆ ಅಧ್ಯಯನಕ್ಕೆ ವಿಜ್ಞಾನಿಗಳು ಹಾರಿಸಿದ ರಾಕೆಟ್ಟನ್ನೇ ರಷ್ಯಾದ ರಾಡಾರ್ ದಾಳಿ ಅಂತ ತಿಳಿಯಿತು. ಮುಂಚೆಯೇ ತಿಳಿಸಿದ್ದರಂತೆ, ಆ ಮಾತು ರಾಡಾರಿನವರನ್ನು ತಲುಪಿರಲಿಲ್ಲ. ನಮ್ಮಲ್ಲಿ 2022ರ ಮಾರ್ಚ್ 9ಕ್ಕೆ ಒಂದು ಬ್ರಹ್ಮೋಸ್ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಹತ್ತಿರ ಬಿತ್ತು. ಅದರಲ್ಲಿ ಸಿಡಿತಲೆ ಇರಲಿಲ್ಲ.

ಅಮೆರಿಕಕ್ಕೂ ರಷ್ಯಾಕ್ಕೂ ಯೋಚನೆ ಮಾಡಲು ಅರ್ಧ ಗಂಟೆ ಇದೆ. ನಮಗೆ? ಪಾಕಿಸ್ತಾನದ ಜಿಯಾ ಮಿಯಾನ್, ನಮ್ಮ ಆರ್. ರಾಜಾರಾಮನ್ ಮತ್ತು ಎಂ. ವಿ. ರಮಣ, ಎರಡು ದೇಶದ ಭೌತವಿಜ್ಞಾನಿಗಳು ಒಟ್ಟಿಗೆ ಕೂತು 2004ರಲ್ಲಿ ಲೆಕ್ಕ ಹಾಕಿದ್ದಾರೆ: ಕ್ಷಿಪಣಿ ಹಾರಿ ಬೀಳಲು 8ರಿಂದ 13 ನಿಮಿಷ. ಅಷ್ಟರಲ್ಲಿ ಯಾವ ಎಚ್ಚರಿಕೆ ವ್ಯವಸ್ಥೆಯನ್ನೂ ನಂಬಿ ನಿರ್ಧಾರ ಮಾಡಲು ಆಗುವುದಿಲ್ಲ, ಹಾಗಾಗಿ ಸಿಡಿತಲೆಗಳನ್ನು ಕ್ಷಿಪಣಿಯಿಂದ ಬೇರೆ ಇಡುವುದೇ ಸರಿ. ನಾನು ಮೇಲೆ ವಿಜ್ಞಾನಿಗಳ ಮಾತು ನಡೆಯುವುದಿಲ್ಲ ಅಂದೆ. ಆದರೆ ಗಡಿಯ ಎರಡೂ ಬದಿಯವರು ಒಂದೇ ಲೆಕ್ಕಕ್ಕೆ ಹೆಸರು ಹಾಕಿದ್ದಾರಲ್ಲ, ಅದು ದೊಡ್ಡದು ಅನ್ನಿಸುತ್ತದೆ.

ಹೊಂಗೆನೆರಳು:
ಎಲ್ಲರಿಗೂ ಕೃತಜ್ಞತೆ. ಕಳೆದ ವಾರ ಬಂಡೆಕಲ್ಲು ಅವರಿಗೆ ಖಾಸಗಿಯಾಗಿ ಬರೆದಿದ್ದೆ, ಅವರು ಪೈಥಾನ್‌ನಲ್ಲಿ ಅಬ್ಸ್‌ಪೈ ಅನ್ನುವ ಸಾಧನ ಇದೆ, ಕಂಪನದ ದಾಖಲೆಗಳು ಉಚಿತವಾಗಿ ಸಿಗುತ್ತವೆ ಅಂತ ದಾರಿ ತೋರಿಸಿದರು. 2017ರ ಸೆಪ್ಟೆಂಬರ್ 3ರ ಉತ್ತರ ಕೊರಿಯಾ ಪರೀಕ್ಷೆಯನ್ನು ಇಳಿಸಿಕೊಂಡೆ, ಚೀನಾದ ಮುದಾನ್‌ಜಿಯಾಂಗ್ ಕೇಂದ್ರದ್ದು. ನಮ್ಮ ಸಮಯ ಬೆಳಿಗ್ಗೆ 9 ಗಂಟೆಗೆ ಸರಿಯಾಗಿ ಸಿಡಿದಿದೆ. ಪಿ ಅಲೆ ಗೋಡೆಯ ಹಾಗೆ ಎದ್ದು ನಿಂತಿದೆ, ನೋಡಿ ಮೈ ಜುಮ್ ಅಂದಿತು. ಅಜ್ಜಿಯನ್ನೂ ಕರೆದು ತೋರಿಸಿದೆ. ಆದರೆ ಎಂಟೂವರೆ ನಿಮಿಷ ಬಿಟ್ಟು ಇನ್ನೊಂದು ಸಣ್ಣದು ಕಾಣುತ್ತಿದೆ. ಅದು ಎರಡನೇ ಬಾಂಬಾ, ಇಲ್ಲ ನಾನು ಏನಾದರೂ ತಪ್ಪು ಮಾಡಿದೆನಾ?

ಬಂಡೆಕಲ್ಲು:
ತಪ್ಪು ಮಾಡಿಲ್ಲ, ಬಾಂಬೂ ಅಲ್ಲ. ಸ್ಫೋಟದಿಂದ ಬೆಟ್ಟದ ಒಳಗೆ ಆದ ಪೊಳ್ಳು ಕುಸಿದದ್ದು ಅದು, ಸುಮಾರು 4 ತೀವ್ರತೆ. ಸ್ಫೋಟ ನೆಲವನ್ನು ಹೊರಕ್ಕೆ ತಳ್ಳುತ್ತದೆ, ಕುಸಿತ ಒಳಕ್ಕೆ ಎಳೆಯುತ್ತದೆ. ಎರಡನ್ನೂ ಒಂದರ ಕೆಳಗೊಂದು ಇಟ್ಟು, ಒಂದೇ ಫಿಲ್ಟರ್ ಹಾಕಿ ಹೋಲಿಸಿ. ಪಿ ಅಲೆಗೂ ಮೇಲ್ಮೈ ಅಲೆಗೂ ಅನುಪಾತ ಎರಡರಲ್ಲೂ ಎಷ್ಟು ಬರುತ್ತದೆ ಅಂತ ಅಳೆದು ಇಲ್ಲಿ ಬರೆಯಿರಿ, ಮುಂದಿನ ಹೆಜ್ಜೆ ಆಮೇಲೆ ಹೇಳುತ್ತೇನೆ.